ಮಾಸ್ತರರ ಏರ್‌ಗನ್ನು

ಹೋದ ವಾರ ಮಂಚಿಕೇರಿಯ ತಮ್ಮನ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಹಿತ್ತಿಲ ಕಟ್ಟೆಯ ಮೇಲೆ ಕೂತು ಚಾ ಕುಡಿಯುತ್ತಿದ್ದಾಗ ತಮ್ಮ ಉದ್ದನೆಯ ರಟ್ಟಿನ ಪೆಟ್ಟಿಗೆ ಬಿಚ್ಚಿ ಹೊಸ ಏರ್‌ಗನ್ ಹೊರತೆಗೆದ. ಮಂಗನ ಕಾಟಕ್ಕೆಂದು ತರಿಸಿದ್ದಂತೆ. ನಳಿಗೆಯನ್ನು ನಡುವೆ ಮುರಿದ ಹಾಗೆ ಬಗ್ಗಿಸಿ, ಸೀಸದ ಗುಂಡೊಂದನ್ನು ತುರುಕಿ, ಮತ್ತೆ ನೆಟ್ಟಗೆ ಮಾಡಿ ಹಲಸಿನ ಮರದತ್ತ ಹೊಡೆದ. ನಳಿಗೆಯ ತುದಿಯಿಂದ ತೆಳ್ಳಗೆ ನೀಲಿ ಹೊಗೆ ಎದ್ದಿತು. ಅದರ ಹಿಂದೆಯೇ ಆ ವಾಸನೆ... ಹಳೇ ಎಣ್ಣೆಯಲ್ಲಿ ಕೂದಲು ಸುಟ್ಟ ಹಾಗಿನ, ಗಂಟಲಿಗೆ ಅಂಟಿಕೊಳ್ಳುವ ಜಿಡ್ಡು ವಾಸನೆ. ಬಾಯಲ್ಲಿದ್ದ ಚಾ ನುಂಗಲಾಗಲಿಲ್ಲ. ಎದ್ದು ಹೋಗಿ ತೆಂಗಿನ ಬುಡಕ್ಕೆ ಉಗಿದು ಬಂದೆ.

"ಹೊಸತರಲ್ಲಿ ಹಂಗೇಯ ಅಕ್ಕ," ಎಂದ ತಮ್ಮ. "ಒಳಗಿನ ಗ್ರೀಸು ಸುಟ್ಟು ಹೋಪಲ್ಲಿವರೆಗೆ ಹೊಗೆ ಬತ್ತಡ."

ನನಗದು ಗೊತ್ತಿತ್ತು. ಏರ್‌ಗನ್ನಿನ ವಿಷಯದಲ್ಲಿ ನನಗೆ ಬೇಡದಷ್ಟು ಗೊತ್ತಿದೆ. ಎಲ್ಲವನ್ನೂ ಗೋಡೆಯಾಚೆಯಿಂದ ಹೇಳಿಕೊಟ್ಟವರು ಪಕ್ಕದ ಮನೆಯ ಮಾಸ್ತರು.

ಶಿರಸಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಎದೆಮಟ್ಟದ ಗೋಡೆಯೊಂದಿದೆ. ನಾನು ಬಟ್ಟೆ ಒಣಹಾಕುವ ತಂತಿ ಆಗ ಅದರ ಪಕ್ಕದಲ್ಲೇ ಇತ್ತು. ಮಾಸ್ತರು ಆಗಷ್ಟೇ ಶಾಲೆಯಿಂದ ನಿವೃತ್ತರಾಗಿದ್ದರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ಮಾಸ್ತರಿಗೆ ಸುಮ್ಮನೆ ಕೂತು ಗೊತ್ತಿರಲಿಲ್ಲ. ನನ್ನ ಮಿಕ್ಸರ್ ಕೆಟ್ಟರೆ, ಕುಕ್ಕರಿನ ಹಿಡಿ ಸಡಿಲವಾದರೆ, ಇಸ್ತ್ರಿಪೆಟ್ಟಿಗೆ ಬಿಸಿಯಾಗದಿದ್ದರೆ ಗೋಡೆಯ ಮೇಲಿಟ್ಟು ಬಂದರಾಯಿತು, ಸಂಜೆಯೊಳಗೆ ಸರಿಯಾಗಿ ಅಲ್ಲೇ ಕೂತಿರುತ್ತಿತ್ತು. ನನ್ನ ಮಗಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದವರು ಅವರೇ. ಸಕ್ಕರೆ ಡಬ್ಬಿಗೆ ಇರುವೆ ಹತ್ತಿದರೆ ಡಬ್ಬಿಯನ್ನು ಬಿಸಿಲಿಗಿಟ್ಟು, ಇರುವೆಗಳು ತಾವಾಗಿ ಹೊರಡುವ ತನಕ ಪಕ್ಕದಲ್ಲಿ ಕೂತು ಕಾಯುತ್ತಿದ್ದರು. ಇದನ್ನೆಲ್ಲ ಈಗಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಹೇಳತೊಡಗಿದರೆ ಆಮೇಲೆ ಹೇಳುವ ಮನಸ್ಸಾಗುವುದಿಲ್ಲ.

ಒಂದು ಬೇಸಿಗೆಯಲ್ಲಿ ಮಂಗಗಳ ಹಿಂಡು ನಮ್ಮ ಕೇರಿಗೆ ಬಂದು ಬಿಡಾರ ಹೂಡಿತು. ಹಂಚು ಎಬ್ಬಿಸುವುದು, ಒಣಗಿಸಿದ ಹಪ್ಪಳ ಹೊತ್ತುಕೊಂಡು ಹೋಗುವುದು, ಪಪ್ಪಾಯಿಯನ್ನು ಅರ್ಧ ಕಚ್ಚಿ ಎಸೆಯುವುದು. ಕಿಟಕಿಯಿಂದ ಒಳಗೆ ಬಂದು ಅಕ್ಕನ ದೋಸೆ ಹಿಟ್ಟಿನ ಪಾತ್ರೆ ಬೋರಲು ಹಾಕಿದ ದಿನ ಮಾಸ್ತರು ಏರ್‌ಗನ್ ತಂದರು.

"ಹೊಡಿಯಲಲ್ಲ ತಂಗಿ, ಹೆದರ್ಸಲೆ," ಎಂದು ನನಗೆ ತೋರಿಸಿದರು. ಬಚ್ಚಲು ಮನೆಯ ಗೋಡೆಗೆ ಹಳೇ ತಗಡೊಂದನ್ನು ಮೊಳೆ ಹೊಡೆದು ಕೂರಿಸಿದ್ದರು. ಗುಂಡು ಅದಕ್ಕೆ ಬಿದ್ದರೆ ಢಣ್ ಎನ್ನುತ್ತಿತ್ತು, ಮಂಗಗಳು ಚೆಲ್ಲಾಪಿಲ್ಲಿಯಾಗಿ ಓಡುತ್ತಿದ್ದವು.

ಹೊಸ ಏರ್‌ಗನ್ನನ್ನು ಪಳಗಿಸುವ ಕೆಲಸ ವಾರಗಟ್ಟಲೆ ನಡೆಯಿತು. ಬೆಳಿಗ್ಗೆ ನಾನು ಬಟ್ಟೆ ಹರವಲು ಹೋಗುವ ಹೊತ್ತಿಗೆ ಅವರು ಮಣೆಯ ಮೇಲೆ ಕೂತಿರುತ್ತಿದ್ದರು. ತಗಡಿಗೆ ಒಂದಿಷ್ಟು ಹೊಡೆಯುವುದು, ಸಡಿಲವಾದ ತಿರುಪುಗಳನ್ನು ಬಿಗಿ ಮಾಡುವುದು, ಕಡ್ಡಿಗೆ ಬಟ್ಟೆ ಸುತ್ತಿ ನಳಿಗೆಯೊಳಗೆ ಆಡಿಸುವುದು. ಹೊರಬಂದ ಬಟ್ಟೆ ಕಪ್ಪಗೆ, ಅಂಟಂಟಾಗಿ, ಶೀತವಾದ ಮಗುವಿನ ಮೂಗೊರೆಸಿದಂತೆ ಇರುತ್ತಿತ್ತು. ಆ ಚಿಂದಿಗಳನ್ನು ಅವರು ನಮ್ಮಿಬ್ಬರ ಗೋಡೆಯ ಮೇಲೆ ಸಾಲಾಗಿ ಒಣಹಾಕುತ್ತಿದ್ದರು. ಅದರ ವಾಸನೆ ನನ್ನ ಸೀರೆಗಳಿಗೆ ಹತ್ತುತ್ತಿತ್ತು. ಪೂಜೆಗೆಂದು ಮಡಿಯಲ್ಲಿ ಒಣಗಿಸಿದ ಸೀರೆಯನ್ನು ಮೂಸಿ ನೋಡಿ ಮತ್ತೆ ಒಗೆದದ್ದಿದೆ.

"ಹೊಸ ಬಂದೂಕು ಹೇಳಿದ್ರೆ ಹೊಸ ಸೊಸೆ ಇದ್ದಾಂಗೆ ತಂಗಿ," ಎನ್ನುತ್ತಿದ್ದರು ಮಾಸ್ತರು. "ಮೊದ್ಲು ಸ್ವಲ್ಪ ದಿನ ಹೊಗೆ ಬತ್ತು. ಆಮೇಲೆ ಹೊಂದ್ಕತ್ತು."

ಒಳಗಿನಿಂದ ಅಕ್ಕನ ದನಿ ಬರುತ್ತಿತ್ತು. "ಹೊಂದ್ಕತ್ತ, ಬರೀ ಬಾಯಿ ಮುಚ್ಕತ್ತ ಹೇಳಿ ಸೊಸೆ ಹತ್ರ ಯಾರು ಕೇಳಿದ್ದ?"

ಒಂದು ದಿನ ಅಕ್ಕ ಸಣ್ಣ ಕಂಚಿನ ಬಟ್ಟಲನ್ನು ಎರಡು ಬೆರಳಲ್ಲಿ ದೂರ ಹಿಡಿದು ಹಿತ್ತಿಲಿಗೆ ಬಂದರು. ದೇವರಿಗೆ ತುಪ್ಪ ಕಾಸುವ ಬಟ್ಟಲು ಅದು. ಅದರಲ್ಲಿ ತೆಂಗಿನೆಣ್ಣೆ, ಎಣ್ಣೆಯಲ್ಲಿ ಕಂದು ಬಣ್ಣದ, ಉಬ್ಬಿದ, ಬಿಲ್ಲೆಯಂಥದ್ದೊಂದು ಮುಳುಗಿತ್ತು.

"ಇದೆಂತದು ನಿಂಗ ನೆನೆ ಹಾಕಿದ್ದು?"

"ವಾಷರ್ರು. ಚರ್ಮದ್ದು," ಎಂದರು ಮಾಸ್ತರು, ತಲೆಯೆತ್ತದೆ. "ಎಣ್ಣೆ ಕುಡಿದ್ರೆ ಮೆತ್ತಗಾಗ್ತು. ಗಾಳಿ ಸೋರ್ತಿಲ್ಲೆ."

"ಒಳ್ಳೇದಾತು. ಈ ವರ್ಷ ನಿಂಬೆಕಾಯಿ ಬದ್ಲು ಇದನ್ನೇ ಉಪ್ಪಿನಕಾಯಿ ಹಾಕ್ತೆ ತಗಳಿ."

ಅಕ್ಕ ಬಟ್ಟಲನ್ನು ನೆಲದ ಮೇಲಿಟ್ಟು ಒಳಗೆ ಹೋದರು. ಅದು ಮತ್ತೆ ಅಡುಗೆಮನೆಗೆ ಹೋಗಲಿಲ್ಲ, ಬಂದೂಕಿನ ಬಟ್ಟಲಾಯಿತು. ನಾನು ನಕ್ಕಿದ್ದೆ. ಮನೆಯ ತುಂಬ ಆ ಸೀಸದ ಗುಂಡುಗಳು ಉರುಳುತ್ತಿದ್ದವು, ಡಮರುವಿನ ಹಾಗೆ ನಡು ಸಣ್ಣಗಿರುವ, ಹೆಸರುಕಾಳಿಗಿಂತ ತುಸು ದೊಡ್ಡವು. ಅಕ್ಕ ಅಕ್ಕಿ ಆರಿಸುವಾಗಲೂ ಒಮ್ಮೆ ಸಿಕ್ಕಿತ್ತಂತೆ.

ಮಂಗಗಳೇನು ದಡ್ಡವಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ತಗಡಿನ ಸದ್ದು ಅವಕ್ಕೆ ರೂಢಿಯಾಯಿತು. ಢಣ್ ಎಂದರೆ ಒಮ್ಮೆ ತಿರುಗಿ ನೋಡಿ, ಮತ್ತೆ ಪಪ್ಪಾಯಿ ತಿನ್ನತೊಡಗುತ್ತಿದ್ದವು. ಮಾಸ್ತರಿಗೆ ಅವಮಾನವಾದಂತಾಯಿತೋ ಏನೋ... ಹುಬ್ಬಳ್ಳಿಯಿಂದ ಗಟ್ಟಿ ಸ್ಪ್ರಿಂಗ್ ತರಿಸಿ ಹಾಕಿದರು. ಚರ್ಮದ ವಾಷರ್ ತೆಗೆದು ಪ್ಲಾಸ್ಟಿಕ್ಕಿನದು ಕೂರಿಸಿದರು. ಮೇಲೊಂದು ದುರ್ಬೀನು ಬಂತು. ಹೊಡೆದಾಗಿನ ಅದುರಿಗೆ ದುರ್ಬೀನು ಹಿಂದೆ ಸರಿಯುತ್ತದೆಂದು ಅದಕ್ಕೆ ಬೇರೆ ಕ್ಲಾಂಪು ಬಂತು. ಪ್ರತಿಯೊಂದನ್ನೂ ನನ್ನನ್ನು ಕರೆದು ತೋರಿಸಿದರು. ಒಮ್ಮೆ ದುರ್ಬೀನಿನಲ್ಲಿ ನೋಡು ಎಂದರು. ನೋಡಿದೆ. ದೂರದ ತೆಂಗಿನ ಮರದಲ್ಲಿ ಕೂತ ಮಂಗದ ರೆಪ್ಪೆಯ ಕೂದಲು ಕಂಡಿತು.

"ಇಷ್ಟು ಚೊಲೋ ಕಂಡ್ಮೇಲೆ ತಗಡಿಗೆ ಯಾರು ಹೊಡಿತ?" ಎಂದು ಮಾಸ್ತರು ನಕ್ಕರು. ಮಾತಿಗೆ ಅಂದದ್ದು ಎಂದುಕೊಂಡೆ.

ದೀಪಾವಳಿಯ ಹಿಂದಿನ ವಾರ ಒಂದು ಮುದಿ ಹೆಣ್ಣು ಮಂಗ ನಮ್ಮಿಬ್ಬರ ನಡುವಿನ ಗೋಡೆಯ ಮೇಲೆ ಬಂದು ಕೂತಿತು. ದವಡೆ ಒಂದು ಬದಿಗೆ ಉಬ್ಬಿ, ಕೆನ್ನೆಯಲ್ಲಿ ತೂತಾಗಿ ಕೀವು ಇಳಿಯುತ್ತಿತ್ತು. ನೊಣಗಳು ಮುತ್ತಿದ್ದವು. ಅವನ್ನು ಓಡಿಸಲು ಮಂಗಕ್ಕೆ ಕೈ ಎತ್ತಲೂ ಆಗುತ್ತಿರಲಿಲ್ಲ. ನಾನು ಬಾಳೆಹಣ್ಣಿಟ್ಟೆ. ಬಾಯಿ ತೆರೆಯಲಾಗದೆ ಹಣ್ಣನ್ನು ಕೆನ್ನೆಗೆ ಒತ್ತಿಕೊಂಡು ಸುಮ್ಮನೆ ಕೂತಿತು. ಆ ನಾತ ಅಡುಗೆಮನೆಯ ತನಕ ಬರುತ್ತಿತ್ತು. ಅನ್ನ ಬಸಿಯುವಾಗ ಸೆರಗನ್ನು ಮೂಗಿಗೆ ಕಟ್ಟಿಕೊಂಡೆ.

ಮಾಸ್ತರು ಬಂದು ದೂರ ನಿಂತು ನೋಡಿದರು. "ಅಯ್ಯೋ ಪಾಪ. ಕರೆಂಟ್ ತಂತಿ ಮುಟ್ಟಿಕ್ಕು," ಎಂದರು.

ಅಕ್ಕ ಮಂಗವನ್ನು ನೋಡಲಿಲ್ಲ. ಮಾಸ್ತರನ್ನೇ ನೋಡುತ್ತಿದ್ದರು.

ಅದು ಸತ್ತದ್ದು ಅವರ ಬಚ್ಚಲಿನ ಸೌದೆ ರಾಶಿಯ ಪಕ್ಕ. ನಮ್ಮ ಕಡೆ ಮಂಗ ಸತ್ತರೆ ಹಾಗೇ ಎಸೆಯುವುದಿಲ್ಲ. ಆಂಜನೇಯನ ರೂಪವೆಂದು ಮನುಷ್ಯರಂತೆಯೇ ಸ್ನಾನ ಮಾಡಿಸಿ, ಹೂವಿಟ್ಟು ಮಣ್ಣು ಮಾಡುತ್ತಾರೆ, ಹನ್ನೊಂದನೇ ದಿನ ಊಟ ಹಾಕುತ್ತಾರೆ. ಕೇರಿಯ ಗಂಡಸರೆಲ್ಲ ಸೇರಿದರು. ಮುಟ್ಟಲು ಮಾತ್ರ ಯಾರೂ ಮುಂದೆ ಬರಲಿಲ್ಲ. "ಸಿದ್ದಾಪುರ ಬದಿಗೆ ಮಂಗನ ಕಾಯ್ಲೆ ಇದ್ದಡ," ಎಂದು ಯಾರೋ ಅಂದದ್ದೇ, ಎಲ್ಲರೂ ಟವೆಲನ್ನು ಮೂಗಿಗೆ ಹಿಡಿದು ಹಿಂದೆ ಸರಿದರು. ಮಾಸ್ತರು ಮಡಿಯುಟ್ಟು, ವಿಭೂತಿ ಹಚ್ಚಿ, ಏನೇನು ಮಾಡಬೇಕೆಂದು ನಿಂತಲ್ಲಿಂದ ಹೇಳುತ್ತಿದ್ದರು.

ತೊಳೆದವರು ಅಕ್ಕ. ಅರಿಶಿನದ ನೀರು ತಂದು ನೆಲದ ಮೇಲೆ ಕೂತು, ಮಗುವಿನ ಮುಖ ತೊಳೆದಂತೆ ತೊಳೆದರು. ನಾನು ತಂಬಿಗೆ ಹಿಡಿದು ಪಕ್ಕದಲ್ಲಿದ್ದೆ. ಉಬ್ಬಿದ ಕೆನ್ನೆಯ ಮೇಲೆ ಅವರ ಹೆಬ್ಬೆರಳು ಒತ್ತಿದಾಗ ಕೀವಿನ ಜೊತೆ ಗಟ್ಟಿಯಾದದ್ದೊಂದು ಹೊರಬಂತು. ನಡು ಸಣ್ಣಗೆ, ಒಂದು ತುದಿ ಚಪ್ಪಟೆಯಾಗಿ... ಅಕ್ಕ ಅದನ್ನು ನೀರಿನಲ್ಲಿ ಅದ್ದಿ, ಮುಷ್ಟಿ ಮುಚ್ಚಿದರು. ಮತ್ತೆ ತೊಳೆಯತೊಡಗಿದರು, ಒಂದೇ ಕೈಯಲ್ಲಿ.

ನಮ್ಮ ಬೆನ್ನ ಹಿಂದೆ, ಕೇರಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ ಹಾವೇರಿ ಕಡೆಯವರು ಮಾಸ್ತರಿಗೆ ಹೇಳುತ್ತಿದ್ದರು. "ಇಂಥಾ ಪುಣ್ಯದ ಕೆಲ್ಸ ನಿಮ್ಮಂಥೋರೇ ಮಾಡ್ಬೇಕ್ರಿ ಮಾಸ್ತರ್ರ. ನಮ್ ಕೈಲೆ ಆಗಂಗಿಲ್ಲ."

"ಹನ್ನೊಂದರ ಊಟ ನಮ್ಮಲ್ಲೇ ಆಗಲಿ," ಎಂದರು ಮಾಸ್ತರು.

ಮರುದಿನ ಅಕ್ಕ ಗೋಡೆಯ ಹತ್ತಿರ ಬಂದರು. ಅವರಾಗಿ ಬಂದು ನಿಂತದ್ದು ಅಪರೂಪ.

"ಕೇಳಿದೆ," ಎಂದರು. "ನಿಂಗ ಹೊಡೆದಿದ್ದಾ ಹೇಳಿ ಅವ್ರ ಹತ್ರ ಕೇಳಿದೆ. ಕರೆಂಟು ಹೇಳಿದ. ಗುಂಡು ಕೈಲಿ ಇದ್ದು ಹೇಳಿ ಆನು ಹೇಳಿದ್ನಿಲ್ಲೆ. ತಾನಾಗಿ ಹೇಳ್ಲಿ."

"ಹೋಗ್ಲಿ ಬಿಡಿ ಅಕ್ಕ, ಗುರಿ ತಪ್ಪಿ ಬಿದ್ದಿಕ್ಕು," ಎಂದೆ.

"ಗುರಿ ತಪ್ಪಲೇ ಅಷ್ಟೆಲ್ಲ ತಿರುಪು ತಿರುಗ್ಸಿದ್ದ?" ಗೋಡೆಯ ಮೇಲಿಂದ ಕೈಚಾಚಿ ನನ್ನ ತಂತಿಯ ಸೀರೆಯೊಂದರ ಮಡಿಕೆ ಬಿಡಿಸಿದರು. "ಊರಿಗೆ ಹೇಳೂದು ಬೇಡ ತಂಗಿ. ಎನ್ನ ಹತ್ರ ಒಂದು ಸಲ ಹೌದು ಹೇಳ್ಲಿ. ಇಷ್ಟು ವರ್ಷ ಯಾರ ಒಟ್ಟಿಗೆ ಸಂಸಾರ ಮಾಡ್ದೆ ಹೇಳಾದ್ರೂ ಗೊತ್ತಾಗ್ಲಿ."

ಆಮೇಲಿನ ದಿನಗಳಲ್ಲಿ ಬಟ್ಟೆ ಹರವಲು ಹೋದಾಗಲೆಲ್ಲ ಅಕ್ಕನ ಮುಖ ನೋಡುತ್ತಿದ್ದೆ. ಅವರು ಸುಮ್ಮನೆ ತಲೆಯಾಡಿಸುತ್ತಿದ್ದರು, ಇಲ್ಲ ಎಂದು.

ಹನ್ನೊಂದನೇ ದಿನ ಅಕ್ಕ ಎಲ್ಲವನ್ನೂ ಮಾಡಿದರು. ವಡೆ, ಪಾಯಸ, ಎರಡು ಬಗೆಯ ಪಲ್ಯ, ಯಾವುದಕ್ಕೂ ಕಡಿಮೆಯಿರಲಿಲ್ಲ. ನಾನು ಬಡಿಸಲು ಹೋಗಿದ್ದೆ. ಜಗುಲಿಯಲ್ಲಿ ಎಲೆ ಹಾಕಿ ಕೇರಿಯವರೆಲ್ಲ ಕೂತಿದ್ದರು. ಮೊದಲ ಎಲೆ ಮಾಸ್ತರದು. ಉಪ್ಪು ಬಡಿಸುವುದನ್ನು ಅಕ್ಕ ತಾವೇ ಕೈಗೆತ್ತಿಕೊಂಡರು. ಉಪ್ಪಿನಕಾಯಿ ಹಿಡಿದು ನಾನು ಅವರ ಹಿಂದೆಯೇ ಇದ್ದೆ. ಬಾಗಿ, ಎಲೆಯ ಎಡತುದಿಯಲ್ಲಿ ಬೆರಳಿನಿಂದ ಇಟ್ಟರು. ಉಪ್ಪಲ್ಲ, ಗುಂಡು. ಪಕ್ಕದಲ್ಲಿ ಒಂದು ಚಿಟಿಕೆ ಉಪ್ಪು. ಮುಂದಿನ ಎಲೆಗೆ ಸರಿದರು.

ಮಾಸ್ತರು ನೋಡಿದರು. ನೋಡಿದ್ದನ್ನು ನಾನು ನೋಡಿದೆ. ಅಷ್ಟು ಹತ್ತಿರದಿಂದ ಅವರ ಮುಖವನ್ನು ಮೊದಲೆಂದೂ ಕಂಡಿರಲಿಲ್ಲ. ಈಗಲಾದರೂ ಎದ್ದಾರು, ಒಳಗೆ ಹೋಗಿ ಅಕ್ಕನನ್ನು ಕರೆದಾರು ಎಂದು ಉಪ್ಪಿನಕಾಯಿ ಬಡಿಸುವುದನ್ನೂ ಮರೆತು ನಿಂತೆ. ಅವರು ತೋರುಬೆರಳಿನಿಂದ ಉಪ್ಪನ್ನು ಗುಂಡಿನ ಮೇಲೆ ಎಳೆದರು. ಸಾಲದಾಯಿತು. ತಲೆಯೆತ್ತಿ ನನಗೆ ಹೇಳಿದರು.

"ಇಲ್ಲಿ ಸ್ವಲ್ಪ ಉಪ್ಪು ತಾ ತಂಗಿ."

ನಾನು ತರಲಿಲ್ಲ. ಬೇರೆ ಯಾರೋ ತಂದು ಹಾಕಿದರು. ಗುಂಡು ಮುಚ್ಚಿತು. ಮಾಸ್ತರು ಊಟ ಮಾಡಿದರು. ವಡೆಯನ್ನು ಪಾಯಸದಲ್ಲಿ ಅದ್ದಿ ತಿಂದರು, ಪಾಯಸ ಎರಡನೇ ಸಲ ಹಾಕಿಸಿಕೊಂಡರು. ನಡುವೆ ಆಂಜನೇಯನ ಮೇಲೆ ಒಂದು ಶ್ಲೋಕ ಹೇಳಿದರು, ಶಾಲೆಯಲ್ಲಿ ಹೇಳಿಕೊಡುವ ಅದೇ ಸ್ಪಷ್ಟ ದನಿಯಲ್ಲಿ. ಪಂಕ್ತಿಯವರೆಲ್ಲ ಹರ ಹರ ಮಹಾದೇವ ಎಂದರು. ಗಿರಣಿಯವರು ತೇಗಿದರು. ಮಾಸ್ತರ ಗಲ್ಲದ ಮೇಲೆ ಪಾಯಸದ ಹನಿಯೊಂದು ಇಳಿಯುತ್ತಿತ್ತು. ಆ ಮಂಗದ ಕೆನ್ನೆಯಿಂದ ಇಳಿಯುತ್ತಿದ್ದದ್ದು ಕಣ್ಣಿಗೆ ಕಟ್ಟಿ, ಪಾತ್ರೆಯನ್ನು ಅಲ್ಲೇ ಇಟ್ಟು ಹಿತ್ತಿಲಿಗೆ ಓಡಿ ವಾಂತಿ ಮಾಡಿಕೊಂಡೆ. ಆ ಹೇಸಿಗೆ ಬರೀ ಹೊಟ್ಟೆಯದಲ್ಲ. ನನ್ನ ಮಗಳ ಕೈ ಹಿಡಿದು ಮಗ್ಗಿ ಬರೆಸಿದ ಬೆರಳು ಅದು, ಉಪ್ಪನ್ನು ಎಳೆದದ್ದು.

ಎಲೆ ಎತ್ತುವಾಗ ಮಾಸ್ತರ ಎಲೆಯನ್ನು ಅಕ್ಕನೇ ಮಡಚಿದರು. ನಾನು ಎದುರಾದಾಗ "ಗೊತ್ತಾತು" ಎಂದರು, ಅಷ್ಟೇ.

ಅಕ್ಕ ಮನೆ ಬಿಟ್ಟು ಹೋಗಲಿಲ್ಲ. ಹೊತ್ತು ಹೊತ್ತಿಗೆ ಬಡಿಸಿದರು, ಕಾಯಿಲೆಯಾದಾಗ ಗಂಜಿ ಮಾಡಿಕೊಟ್ಟರು. ಅವರ ಕುಚೋದ್ಯದ ಮಾತು ಮಾತ್ರ ಗೋಡೆಯಾಚೆಯಿಂದ ಮತ್ತೆ ಕೇಳಿಬರಲಿಲ್ಲ. ಮಾಸ್ತರು ಮಾಡುವುದನ್ನು ಮಾಡುತ್ತಲೇ ಇದ್ದರು. ಸ್ವಲ್ಪ ದಿನಕ್ಕೆ ಗೋಡೆಯ ಹತ್ತಿರ ಬಂದು, "ಬಂದೂಕಿಗೆ ಗ್ಯಾಸಿನ ಸ್ಪ್ರಿಂಗ್ ಬಂತು ತಂಗಿ. ಇನ್ನು ಎಣ್ಣೆ ರಗಳೆ ಇಲ್ಲೆ," ಎಂದರು. ನಾನು ಹಿಂಡಿದ ಬಟ್ಟೆಗಳನ್ನು ಬಕೆಟ್ಟಿನಲ್ಲೇ ಬಿಟ್ಟು ಒಳಗೆ ಬಂದೆ. ಬಟ್ಟೆಯ ತಂತಿಯನ್ನು ಮನೆಯ ಇನ್ನೊಂದು ಬದಿಗೆ ಕಟ್ಟಿಸಿಕೊಂಡೆ. ಅಲ್ಲಿ ಬಿಸಿಲು ಕಡಿಮೆ. ಮಿಕ್ಸರ್ ಕೆಟ್ಟರೆ ಪೇಟೆಗೆ ಒಯ್ದೆ. ಮತ್ತೊಂದು ಮಂಗ ಸತ್ತದ್ದು ನಾನು ಕಾಣಲಿಲ್ಲ. ಕಾಣುವಂಥ ಜಾಗದಲ್ಲಿ ಬೀಳಲಿಲ್ಲವೋ ಏನೋ...

ಮಾಸ್ತರು ತೀರಿಕೊಂಡು ಕೆಲವು ವರ್ಷಗಳಾದವು. ಸುದ್ದಿ ಕೇಳಿ ಮಗಳು ಫೋನಿನಲ್ಲಿ ಅತ್ತಳು. ಅವಳಿಗೆ ನಾನು ಏನನ್ನೂ ಹೇಳಿಲ್ಲ. ನನಗೆ ಅಳು ಬರಲಿಲ್ಲ. ನನ್ನ ಪಕ್ಕದ ಮನೆಯ ಮಾಸ್ತರು ಆ ಪಂಕ್ತಿಯಲ್ಲೇ ಹೋಗಿಬಿಟ್ಟಿದ್ದರು. ಆಗ ಅಳುವುದಕ್ಕೆ ಹೇಸಿಗೆ ಬಿಟ್ಟಿರಲಿಲ್ಲ.

ಅಕ್ಕ ಈಗ ಯಲ್ಲಾಪುರದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಮಂಚಿಕೇರಿಗೆ ಹೋದವಳು ಅಲ್ಲಿಂದ ಯಲ್ಲಾಪುರದ ಬಸ್ ಹತ್ತಿ ಅವರನ್ನು ನೋಡಿಕೊಂಡು ಬಂದೆ. ಮಂಡಿನೋವು, ಕಣ್ಣಿನ ಪೊರೆ, ತಂಗಿಯ ಮೊಮ್ಮಗುವಿನ ಹಲ್ಲು, ಹೀಗೆ ಮಾತಾಡುತ್ತ ಕೂತಿದ್ದೆವು. ಮೇಲಿನ ಫ್ಯಾನು ಕಟಕಟ ಎನ್ನುತ್ತ ತೂಗಾಡುತ್ತಿತ್ತು. ಅಕ್ಕ ತಲೆಯೆತ್ತಿ ಅದನ್ನು ನೋಡಿದರು.

"ಅವ್ರು ಇದ್ದಿದ್ರೆ ಒಂದು ಗಳಿಗೆಲಿ ಸರಿ ಮಾಡ್ತಿದ್ದ," ಎಂದರು.

ಹೌದು ಎನ್ನಬೇಕಿತ್ತು. ಅದು ನಿಜವೂ ಆಗಿತ್ತು. ಅಕ್ಕ ಕಾಯುತ್ತಿದ್ದರು ಎಂದೂ ಅನ್ನಿಸಿತು. ನನ್ನ ಬಾಯಿಂದ ಬರಲಿಲ್ಲ...