ಗನಿಸಾಬರ ಫಿಲ್ಟರ್

ಶಹಾಬಾದಿನಲ್ಲಿ ಕಾರು ತೊಳೆಯುವವರು ಬೇಕಾದಷ್ಟು ಜನ, ಕಾರಿನ ಉಸಿರನ್ನು ಸ್ವಚ್ಛ ಮಾಡುವವರು ನಮ್ಮ ಮನೆ ಮಾಲೀಕರಾದ ಗನಿಸಾಬರೊಬ್ಬರೇ. ಮೂವತ್ತು ವರ್ಷ ನೆಲಕ್ಕೆ ಹಾಸುವ ಫರ್ಸಿ ಕಲ್ಲಿಗೆ ಪಾಲಿಶ್ ಹಿಡಿದವರು. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದವರೇ ತಮ್ಮ ಕರೆಂಟಿನ ಕಾರಿನ ಮುಂದಿನ ಡ್ರಾಯರ್ ಬಿಚ್ಚಿ, ಸ್ಕ್ರೂಗಳನ್ನು ಚಹಾ ಬಸಿಯಲ್ಲಿಟ್ಟು, ಹಿಂದಿರುವ ಏಸಿ ಫಿಲ್ಟರನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಳ್ಳುತ್ತಾರೆ. "ನೀರು ಹಚ್ಚಬಾರದು ಬೇಟಿ, ನಮ್ಮೂರ ಧೂಳಿಗೆ ನೀರು ತಾಕಿದ್ರ ಫರ್ಸಿನೇ ಆಗ್ತದ" ಎನ್ನುತ್ತಾರೆ. ಮೊದಲ ಫಿಲ್ಟರನ್ನು ತೊಳೆದು, ಮಾಳಿಗೆಯಲ್ಲಿ ಒಣಗಿಸಿ, ಹಲಗೆಯಂತೆ ಗಟ್ಟಿ ಮಾಡಿದವರೂ ಅವರೇ. "ಖಿಡಕಿ ಹಾಕ್ಕೋರಿ, ಧೂಳು ಝಾಡಸಾಕತ್ತೀನಿ" ಎಂದು ಓಣಿಗೆಲ್ಲ ಸಾರಿ, ಮಡಿಕೆ ಮಡಿಕೆಗೂ ಬ್ರಷ್ ಆಡಿಸಿ, ಗಾಳಿಯ ದಿಕ್ಕು ತೋರುವ ಬಾಣದ ಗುರುತನ್ನು ಮೂರು ಸಲ ನೋಡಿ ಕೂರಿಸುತ್ತಾರೆ. ಕಣ್ಣಿಗೆ ಪೊರೆ ಬಂದ ಮೇಲೆ ಅವರು ಆ ಕಾರು ಓಡಿಸಿದ್ದೇ ಇಲ್ಲ. ನಿಂತಲ್ಲೇ ಹೊಗೆಯಿಲ್ಲದೆ ಏಸಿ ನಡೆಯುವುದರಿಂದ, ಉಬ್ಬಸವಿರುವ ನನ್ನ ನಾಲ್ಕು ವರ್ಷದ ಚನ್ನು ದಿನಕ್ಕೆರಡು ತಾಸು ಅದರೊಳಗೆ ಕೂರುತ್ತಾನೆ. ಈ ಊರಲ್ಲಿ ಅವನ ಎದೆ ಗೊರಗುಟ್ಟದ ಜಾಗ ಅದೊಂದೇ. ನಿಂತ ಕಾರಿನಲ್ಲಿ ಮಗುವನ್ನು ಎಷ್ಟು ದಿನ ಬೆಳೆಸಲಿ? ಮೊನ್ನೆ ಹೊರತೆಗೆದ ಫಿಲ್ಟರ್ ಒಂದೇ ವಾರಕ್ಕೆ ಬೂದಿಬಣ್ಣವಾಗಿತ್ತು. ಝಾಡಿಸಿ, ಕೂರಿಸಿ, ಚನ್ನುವನ್ನು ಒಳಗೆ ಬಿಡುವಷ್ಟರಲ್ಲಿ ಗನಿಸಾಬರು ಕೆಮ್ಮು ಹತ್ತಿ ಗೋಡೆ ಹಿಡಿದರು. "ಚಾಚಾ, ನೀವೂ ಸ್ವಲ್ಪ ಒಳಗ ಕುಂದ್ರಿ" ಎಂದೆ. "ಬ್ಯಾಡ ಬೇಟಿ, ನಾ ಕೆಮ್ಮಿದ್ರ ಕೂಸಿನ ಹವಾ ಕೆಡ್ತದ. ನನ್ನ ಫಿಲ್ಟರ್ ಬಿಚ್ಚಿ ಝಾಡಸ್ಲಿಕ್ಕ ಬರಂಗಿಲ್ಲ" ಎಂದು ಬಾಗಿಲನ್ನು ಇನ್ನೊಮ್ಮೆ ಒತ್ತಿ ಹಾಕಿದರು. ಗಾಜಿನೊಳಗೆ ಚನ್ನು, ಎದೆ ಹಿಡಿದುಕೊಂಡು, ಅವರ ಕೆಮ್ಮನ್ನೇ ಅಣಕಿಸುತ್ತ ನಗುತ್ತಿದ್ದ.