ವಲ್ಲಿಯ ಕೆಳಗೆ ಮಾರಿದ ಶೇರು

ತುಂಗಭದ್ರೆಗೆ ಅಣೆಕಟ್ಟು ಬರುತ್ತದೆ, ಕಾರಟಗಿ ಕಡೆ ಕಾಲುವೆ ಹರಿಯುತ್ತದೆ ಎಂಬ ಸುದ್ದಿ ಗಟ್ಟಿಯಾಗುತ್ತಿದ್ದ ಕಾಲ. ನೀರು ಬಂದರೆ ಭತ್ತ, ಭತ್ತ ಬಂದರೆ ಗಿರಣಿ ಎಂದು ನಂಬಿ, ಇನ್ನೂ ಕಟ್ಟದ ಅಕ್ಕಿ ಗಿರಣಿಯ ಶೇರು ಮಾರಲು ಹಳ್ಳಿ ಹಳ್ಳಿ ತಿರುಗುತ್ತಿದ್ದೆ. ಎಂಟು ದಿನವಾದರೂ ಒಂದೂ ಹೋಗಿರಲಿಲ್ಲ. ಒಂಬತ್ತನೆಯ ದಿನ ಬಂದಿಳಿದ ಊರಲ್ಲಿ, ಇಲ್ಲಿ ಮಾರದೆ ಗಾಡಿ ಹತ್ತುವುದಿಲ್ಲ ಎಂದು ಹಟ ಹಿಡಿದು ಕಟ್ಟೆಯ ಮೇಲೆ ಕೂತೆ.

ಎತ್ತಿನ ವ್ಯಾಪಾರಿ ಯಮನಪ್ಪ ಕೇಳಿದ: "ಗಿರಣಿ ಎಲ್ಲೈತ್ರಿ?"

"ಇನ್ನ ಕಟ್ಟಬೇಕ್ರಿ. ನೀರ ಬಂದ ಮ್ಯಾಲೆ ಕೇಳಿದ್ರ ಶೇರ ಸಿಗಂಗಿಲ್ಲ."

ಆತ ಹೆಗಲ ಮೇಲಿನ ವಲ್ಲಿ ತೆಗೆದು ನನ್ನ ಕೈಮೇಲೆ ಹಾಕಿದ. ಸಂತೆಯಲ್ಲಿ ಎತ್ತಿನ ದರ ಮಾತಾಡುವುದು ಹೀಗೆಯೇ, ಮಂದಿಗೆ ಕಾಣದಂತೆ ಬಟ್ಟೆಯ ಕೆಳಗೆ ಬೆರಳು ಹಿಡಿದು.

"ಇದಕ್ಕ ಚೌಕಾಶಿ ಇಲ್ರಿ. ಹತ್ತು ರೂಪಾಯಿ ಅಂತ ಕಾಗದದಾಗ ಅಚ್ಚಾಗೇತಿ."

"ಅಚ್ಚಾಗಿದ್ದು ಇರ್ಲಿ, ಬೆರಳ ಕೊಡ್ರಿ. ದರಾ ಕುದುರಸದ ನಾ ಒಂದ ಹಗ್ಗಾನೂ ತಗೊಂಡಿಲ್ಲ."

ಆತ ಎಂಟು ಎಂದು ಬೆರಳು ಒತ್ತಿದ. ನಾನು ಹತ್ತು ಎಂದೆ. ಆತ ಒಂಬತ್ತು. ನಾನು ಮತ್ತೆ ಹತ್ತು. ಬೆವರಿಗೆ ಕೈ ಜಾರುತ್ತಿದ್ದರೂ ಬಿಡಲಿಲ್ಲ. ಕೊನೆಗೆ ಆತನೂ ಹತ್ತನ್ನೇ ಒತ್ತಿ, ವಲ್ಲಿ ಕೊಡವಿ, ಗೆದ್ದವನ ಹಾಗೆ ನಕ್ಕ.

ನೋಡುತ್ತ ನಿಂತವರು ಮುಗಿಬಿದ್ದರು. "ಯಮನಪ್ಪಗ ಕೊಟ್ಟ ದರಕ್ಕ ನಮಗೂ ಕೊಡ್ರಿ!"

"ಆಣಿ ಮಾಡಿ ಹೇಳ್ತೀನಿ, ಅದ ದರಕ್ಕ ಕೊಡ್ತೀನ್ರಿ," ಎಂದೆ.

ಸಂಜೆಯೊಳಗೆ ಏಳು ಶೇರು ಹೋದವು, ಎಲ್ಲವೂ ವಲ್ಲಿಯ ಕೆಳಗೆ, ಎಲ್ಲವೂ ಹತ್ತಕ್ಕೇ. ಕೊಂಡ ದರ ಬಾಯಿಬಿಟ್ಟು ಹೇಳುವ ರೂಢಿ ಅಲ್ಲಿಲ್ಲ. ಹಾಗಾಗಿ ಉಳಿದವರಿಗೆ ಕಡಿಮೆಗೆ ಕೊಟ್ಟು ತನ್ನೊಬ್ಬನಿಗೇ ತುಟ್ಟಿ ಹಚ್ಚಿದೆನೆಂದು ಏಳೂ ಮಂದಿ, ಒಬ್ಬರಿಗೊಬ್ಬರು ಹೇಳದೆ, ಇವತ್ತಿಗೂ ನನ್ನನ್ನು ಬೈಯುತ್ತಾರೆ.