ನಂಜುಂಡಣ್ಣನ ಹೆಜ್ಜೆ

ಚಾಮರಾಜನಗರದ ನಮ್ಮ ಬೀದಿಗೆ ನಿನ್ನೆ ಹೊಸದಾಗಿ ಕಾಂಕ್ರೀಟು ಹಾಕಿದ್ದರು. ಹಸಿ ಸಿಮೆಂಟಿನ ತಣ್ಣನೆಯ ವಾಸನೆ ಬೆಳಿಗ್ಗೆ ಮೆಟ್ಟಿಲು ಹತ್ತಿ ನನ್ನ ಬಾಡಿಗೆ ಕೋಣೆಯವರೆಗೂ ಬಂದು ಎಬ್ಬಿಸಿತು. ಕಿಟಕಿಯಿಂದ ಬಗ್ಗಿ ನೋಡಿದರೆ ರಸ್ತೆಯುದ್ದಕ್ಕೂ ಯಾರದೋ ಬರಿಗಾಲಿನ ಹೆಜ್ಜೆಗಳು. ಗಾರೆ ಮೇಸ್ತ್ರಿ ಸೊಂಟಕ್ಕೆ ಕೈಯಿಟ್ಟು ಬಯ್ಯುತ್ತಿದ್ದ. ಬಯ್ಯುವ ಧಾಟಿ ಸೊಗಸಾಗಿದೆಯೆಂದು ನಾನು ನಿಂತಲ್ಲೇ ಅದನ್ನು ಬಾಯಿಪಾಠ ಮಾಡಿಕೊಂಡೆ. ನನ್ನ ಹೊಟ್ಟೆಪಾಡೇ ಅದು ಸ್ವಾಮಿ. ಮದುವೆ, ಬೀಗರೂಟ, ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕಂಡವರ ದನಿ, ಕೆಮ್ಮು, ನಡಿಗೆಗಳನ್ನು ಅಣಕಿಸುವುದು. ನನಗೆ ಸ್ವಂತದ ದನಿ ಇದೆಯೇ ಎಂದು ಕೇಳಬೇಡಿ. ಹುಡುಕುತ್ತಿದ್ದೇನೆ.

ಮೇಸ್ತ್ರಿ ಹೋದ. ಎಳೆಬಿಸಿಲು ಬಂತು. ಹೆಜ್ಜೆಗಳು ಮಾತ್ರ ಕಾಲಿಲ್ಲದೆಯೂ ನಡೆಯುತ್ತಲೇ ಇರುವಂತೆ ಕಂಡವು. ಮನುಷ್ಯ ಹೋದಮೇಲೂ ಅವನು ಹೋದ ದಾರಿ ಅಲ್ಲೇ ಕೂತು ಯಾರಿಗೋ ಕಾಯುವುದು ಎಂಥ ಸೋಜಿಗ ನೋಡಿ.

ಈ ಗುರುತುಗಳ ಶಾಸ್ತ್ರದ ಮೇಲೆ ಸಿಕ್ಕಿದ್ದನ್ನೆಲ್ಲ ಓದುವುದು ನನ್ನ ಗುಟ್ಟಿನ ಚಟ. ಬಂಗಾಳದಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ, ಗುತ್ತಿಗೆದಾರ ಕೊಟ್ಟ ಮಾತಿಗೆ ತಪ್ಪದಿರಲೆಂದು, ಕರಾರು ಪತ್ರದ ಬೆನ್ನಿಗೆ ಅವನ ಇಡೀ ಅಂಗೈಯನ್ನೇ ಮಸಿಯಲ್ಲಿ ಒತ್ತಿಸಿಕೊಂಡನಂತೆ. ಹೆದರಿಸಲು ಹೂಡಿದ ಆಟ ಮುಂದೆ ವಿಜ್ಞಾನವಾಯಿತು. ಕಲ್ಕತ್ತೆಯಲ್ಲಿ ಬೆರಳಚ್ಚಿಗೊಂದು ಕಚೇರಿಯೆದ್ದಾಗ, ಆ ಗೆರೆಗಳ ಕಾಡಿನಲ್ಲಿ ದಾರಿ ಕಂಡವರು ನಮ್ಮವರೇ ಇಬ್ಬರು ಪೊಲೀಸರು. ಹೆಸರು ಅವರ ಸಾಹೇಬರದಾಯಿತು. ಫ್ರಾನ್ಸಿನ ಒಬ್ಬ ವೈದ್ಯ ಇನ್ನೂ ಮುಂದಕ್ಕೆ ಹೋದ. ಮುಟ್ಟಿದವನು ಅಲ್ಲಿ ಏನನ್ನಾದರೂ ಬಿಟ್ಟು ಹೋಗುತ್ತಾನೆ, ಅಲ್ಲಿಂದ ಏನನ್ನಾದರೂ ಕೊಂಡು ಹೋಗುತ್ತಾನೆ ಎಂಬುದು ಅವನ ಎಣಿಕೆ. ನಾನು ಇದನ್ನೆಲ್ಲ ಓದುವುದು ಜ್ಞಾನದಾಹದಿಂದ ಎಂದುಕೊಂಡಿರೋ, ಕೆಟ್ಟಿರಿ. ಕಾರಣ ನಂಜುಂಡಣ್ಣ.

ನಂಜುಂಡಣ್ಣ ಹರವೆ ಕಡೆಯ ನಮ್ಮೂರಿನ ನೀರುಗಂಟಿ, ಬೀದಿ ಬೀದಿಗೆ ನಲ್ಲಿ ನೀರು ಬಿಡುವವನು. ಎಡಗಾಲು ಕುಂಟು. ಒಂದು ಕಾಲನ್ನು ಊರಿ, ಇನ್ನೊಂದನ್ನು ಅರ್ಧಚಂದ್ರಾಕಾರ ಎಳೆದುಕೊಂಡು, ಭುಜ ತೂಗುತ್ತಾ ಅವನು ಬರುತ್ತಿದ್ದರೆ ದೂರದಿಂದಲೇ ಹೆಂಗಸರು ಕೊಡ ಎತ್ತಿಕೊಳ್ಳುತ್ತಿದ್ದರು. ನಾನಾಗ ಡಿಗ್ರಿ ಎರಡನೇ ವರ್ಷ. ನನ್ನ ಅಂಗಡಿಯ ಅತಿ ಬಿಕರಿಯ ಮಾಲು ಅವನ ನಡಿಗೆ.

ಒಂದು ಸಂಜೆ ಗೆಳೆಯರಿಬ್ಬರು ರಸ್ತೆಯಂಚಿನಲ್ಲಿ ಕೂತು, "ನಂಜುಂಡಣ್ಣನ್ ಮಾಡ್ಲಾ" ಎಂದರು. ಎದುರಿಗೆ ಮಲ್ಲಪ್ಪನವರ ಅರಿಶಿನದ ಹೊಲ, ಆಗತಾನೆ ನೀರು ಕಟ್ಟಿದ್ದು. ನಾನು ಚಪ್ಪಲಿ ಕಳಚಿ, ಬದುವಿನ ಕೆಸರಿನಲ್ಲಿ ಪಂಪ್‌ಸೆಟ್ಟಿನ ಮನೆಯವರೆಗೂ ಕುಂಟುತ್ತಾ ಹೋದೆ, ಕುಂಟುತ್ತಾ ಬಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ರಾಜನಂತೆ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಮಲ್ಲಪ್ಪನವರ ಮೋಟರಿನ ವೈರು ಇರಲಿಲ್ಲ.

ಗೆಳೆಯರು ಅಷ್ಟರಲ್ಲಿ ಗುಂಡ್ಲುಪೇಟೆಯ ಕಾಲೇಜಿಗೆ ಬಸ್ಸು ಹತ್ತಿದ್ದರು. ಎಂದಿನಂತೆ ಬಸ್ಸು ತಪ್ಪಿಸಿಕೊಂಡಿದ್ದ ನಾನೊಬ್ಬ ಉಳಿದಿದ್ದೆ. ಹೊಲದ ಬಳಿ ಊರೇ ಸೇರಿತ್ತು, ಪೊಲೀಸ್ ಜೀಪೂ ಬಂದಿತ್ತು. ಕೆಸರಿನಲ್ಲಿ ಒಂದು ಪೂರ್ತಿ ಹೆಜ್ಜೆ, ಪಕ್ಕದಲ್ಲಿ ಎಳೆದ ಗೀರು. ಮತ್ತೆ ಹೆಜ್ಜೆ, ಮತ್ತೆ ಗೀರು. ಓದಲು ಬಾರದವರೂ ಅದನ್ನು ಓದಿದರು.

"ಏನಯ್ಯಾ ನಂಜುಂಡ, ಯಾರಿಗೆ ಮಾರ್ದೆ ವೈರ?" ಎಂದ ಎಎಸ್ಐ.

ನಂಜುಂಡಣ್ಣ ಬಗ್ಗಿ ಆ ಸಾಲನ್ನೇ ನೋಡುತ್ತಿದ್ದ. ಕೊನೆಗೆ ಸಣ್ಣ ದನಿಯಲ್ಲಿ, "ಎಜ್ಜೆ ನಂದೇ ಸಾ. ಆದ್ರ ನಾನು ಬಂದಿಲ್ವಲ್ಲಾ... ನಿದ್ದೆಗಣ್ಣಲ್ಲಿ ಏನಾರ ಬಂದ್ಬುಟ್ನಾ?" ಎಂದ.

ಆ ಮುಖ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಅವನು ತನ್ನನ್ನೇ ಅನುಮಾನಿಸುತ್ತಿದ್ದ. ನಾನು ಬಾಯಿ ಬಿಟ್ಟರೆ ಜೀಪು ನನ್ನದು, ಬಿಡದಿದ್ದರೆ ಅವನದು. ಹತ್ತು ಜನರ ದನಿಯಲ್ಲಿ ಮಾತಾಡಬಲ್ಲ ನನಗೆ ಆಗ ಒಂದು ದನಿಯೂ ಹೊರಡಲಿಲ್ಲ.

ಆಗ ಮುಂದೆ ಬಂದವರು ಮಾದಯ್ಯ ತಾತ. ಕಾಡಿನಲ್ಲಿ ವಾಚರ್ ಆಗಿದ್ದು ನಿವೃತ್ತರಾದವರು. ಹುಲಿ ಹೋದ ದಾರಿ ನೋಡಿ ಅದರ ಹೊಟ್ಟೆ ತುಂಬಿದೆಯೋ ಇಲ್ಲವೋ ಹೇಳುವವರು. ಅವರು ಕುಕ್ಕರುಗಾಲಿನಲ್ಲಿ ಕೂತು ಎಡಗಾಲಿನ ಗೀರಿಗೆ ಬೆರಳಿಟ್ಟರು.

"ಇದು ನಂಜುಂಡುಂದಲ್ಲ ಕಣಪ್ಪ. ಅವ್ನು ಎಡಗಾಲ ಇಮ್ಮಡಿ ನೆಲಕ್ಕ ಊರಕಿಲ್ಲ, ನೋಯ್ತದ. ತುದಿಬೆರಳಲ್ಲೇ ಎಳಿತನ. ಇಲ್ಲಿ ನೋಡು, ಇಮ್ಮಡಿ ಎಂಗೆ ಕೂತದ! ಈ ಕಾಲ್ಗ ನೋವೇ ಗೊತ್ತಿಲ್ಲ."

ಎಲ್ಲರೂ ಅವರವರ ಕಾಲು ನೋಡಿಕೊಂಡರು. ನಾನು ಮಾತ್ರ ನಂಜುಂಡಣ್ಣನ ಕಾಲು ನೋಡಿದೆ. ಹಿಮ್ಮಡಿ ನೆಲದಿಂದ ಒಂದು ಬೆರಳು ಮೇಲಿತ್ತು. ಅಷ್ಟು ವರ್ಷ ಅಣಕಿಸಿದ ನಾನು ಅದನ್ನು ಒಮ್ಮೆಯೂ ಕಂಡಿರಲಿಲ್ಲ.

"ಅದು ನಂದು ಸಾರ್" ಎಂದೆ.

"ಏನ್ ನಿಂದು? ವೈರಾ?"

"ಹೆಜ್ಜೆ ಸಾರ್. ವೈರ್ ನಂಗೊತ್ತಿಲ್ಲ."

ಎಎಸ್ಐ ನಂಬಲಿಲ್ಲ. "ಎಲ್ಲಿ, ನಡ್ದು ತೋರ್ಸು" ಎಂದ. ಊರಿನ ಮುಂದೆ, ನಂಜುಂಡಣ್ಣನ ಕಣ್ಣೆದುರು ಅವನ ಹಾಗೆ ನಡೆದೆ. ಯಾರೋ ಹುಡುಗಿ ಕಿಸಕ್ಕೆಂದಳು, ನಿಲ್ಲಿಸಿದಳು. ನಂಜುಂಡಣ್ಣ ಮಾತ್ರ ಮೊದಲ ಸಲ ಕನ್ನಡಿ ಕಂಡವನ ಹಾಗೆ ನೋಡುತ್ತಾ ನಿಂತ. ಆಮೇಲೆ ನೀರು ಬಿಡಲು ಹೋದ. ನನ್ನನ್ನು ಠಾಣೆಯ ಬೆಂಚಿನ ಮೇಲೆ ಸಂಜೆಯವರೆಗೂ ಕೂರಿಸಿ ಕಳಿಸಿದರು. ವೈರು ಕದ್ದವನು ಸಿಗಲೇ ಇಲ್ಲ. ಒಣನೆಲದ ಕಡೆಯಿಂದ ಬಂದಿರಬೇಕು, ಬುದ್ಧಿವಂತ.

ಅದಾಗಿ ಹತ್ತು ವರ್ಷ. ನಾನು ಆ ನಡಿಗೆಯನ್ನು ಮತ್ತೆ ಮುಟ್ಟಿರಲಿಲ್ಲ. ಹೋದ ವಾರ ನಂಜುಂಡಣ್ಣನ ಫೋನು. ಮಗಳ ಮದುವೆಯಂತೆ, ಆರತಕ್ಷತೆಗೆ ನಾನೇ ಬರಬೇಕಂತೆ.

"ಎಲ್ಲಾರ್ನೂ ಮಾಡ್ಬೇಕು ಕಣ್ಲಾ. ನನ್ನೂವೆ."

"ಬ್ಯಾಡ ಬುಡಣ್ಣ."

"ಯಾಕ್ಲಾ? ಮಾಡು, ಊರು ನಗ್ಲಿ. ಆದ್ರ ಸರಿಯಾಗ್ ಮಾಡು. ಇಮ್ಮಡಿ ಊರ್ಬ್ಯಾಡ."

ಇವತ್ತು ಮಧ್ಯಾಹ್ನ ತಾರಸಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಎಡ ಹಿಮ್ಮಡಿಯನ್ನು ಒಂದು ಬೆರಳು ಮೇಲೆತ್ತಿ, ತುದಿಬೆರಳಲ್ಲಿ ಎಳೆದು ನಡೆದೆ. ಮೂರನೆಯ ಸುತ್ತಿಗೆ ಮೀನಖಂಡ ಹಿಡಿಯಿತು. ಐದಕ್ಕೆ ಸೊಂಟ. ಭುಜ ತಾನಾಗಿಯೇ ತೂಗತೊಡಗಿತು. ಅದು ಠೀವಿಯಲ್ಲ, ಆಸರೆಗೆಂದು ಈಗ ಗೊತ್ತಾಯಿತು. ನಿಲ್ಲಿಸಬಹುದಿತ್ತು. ಇನ್ನೂ ನಾಲ್ಕು ಸುತ್ತು ನಡೆದೆ.